ಬಿಳಿ ಜುಟ್ಟಿನ ಸಸಿಗಳು

ನಮ್ಮೂರಿನಲ್ಲಿ ಸತ್ತವರನ್ನು ಹೂತ ಜಾಗದಲ್ಲಿ ಕಳ್ಳಿ ಏಳುತ್ತದೆ. ಯಾರೂ ಬೀಜ ಹಾಕುವುದಿಲ್ಲ, ನೀರೆರೆಯುವುದಿಲ್ಲ. ಮಣ್ಣು ಮುಚ್ಚಿದ ಮೇಲೆ ಒಂದು ಹದಮಳೆ ಬಿದ್ದರೆ ಸಾಕು, ಹೆಬ್ಬೆರಳು ಗಾತ್ರದ ಹಸಿರು ಮೊಳಕೆ ಮಣ್ಣನ್ನು ಎತ್ತಿಕೊಂಡು ಮೇಲೆ ಬರುತ್ತದೆ. ಹಾಗಾಗಿ ನಮ್ಮಲ್ಲಿ ಬೇರೆ ಸ್ಮಶಾನ ಎಂಬುದಿಲ್ಲ. ಅವರವರ ಹಿರಿಯರು ಅವರವರ ಹಿತ್ತಲಲ್ಲೇ ನಿಂತಿರುತ್ತಾರೆ. ಹೊಸದಾಗಿ ಬಂದ ಸೊಸೆಯಂದಿರು ಮೊದಲು ಕಲಿಯುವ ಪಾಠವೇ ಇದು: ಅತ್ತೆಯನ್ನು ಬೈಯಬೇಕೆನಿಸಿದರೆ ಹಿತ್ತಲಿಗೆ ಹೋಗಬಾರದು, ಜಗುಲಿಗೆ ಬರಬೇಕು. ಬಿಸಿ ಗಂಜಿ ಚೆಲ್ಲುವಾಗ "ಸರ್ಕೋ ಅಜ್ಜಾ" ಎಂದು ಹೇಳಿಯೇ ಚೆಲ್ಲುತ್ತೇವೆ. ಅಜ್ಜ ಸರಿಯುವುದಿಲ್ಲ ಎಂದು ಗೊತ್ತಿದ್ದೂ ಹೇಳುತ್ತೇವೆ.

ಕಳ್ಳಿಗೂ ಹೂತವರಿಗೂ ಹೋಲಿಕೆ ಇದ್ದೇ ಇರುತ್ತದೆ. ಗೂನುಬೆನ್ನಿನ ನಮ್ಮಜ್ಜನ ಕಳ್ಳಿ ಎದೆಮಟ್ಟ ಬೆಳೆದ ಮೇಲೆ ಬಾಗಿ ನೆಲ ನೋಡತೊಡಗಿತು. ಮೈಮೇಲೆ ಸಿಡುಬಿನ ಕಲೆ ಇದ್ದವರ ಕಳ್ಳಿಯ ಏಣುಗಳ ಮೇಲೆ ಸಣ್ಣ ಸಣ್ಣ ಗುಳಿಗಳು. ಹೊರಗಿನಿಂದ ಬಂದವರಿಗೆ ಎಲ್ಲವೂ ಒಂದೇ ಥರ ಮುಳ್ಳಿನ ಕಂಬಗಳಾಗಿ ಕಾಣುತ್ತವಂತೆ. ನಮಗೆ ಹಾಗಲ್ಲ. ಬೇಲಿಯಾಚೆಯಿಂದಲೇ ಇವರು ಇಂಥವರು ಎಂದು ಗುರುತು ಹಿಡಿಯುತ್ತೇವೆ.

ಮದುವೆಗೂ ಕಳ್ಳಿ ಬೇಕು. ಮಾತುಕತೆ ಮುಗಿದ ಮೇಲೆ ಗಂಡಿನ ಮನೆಯವರು ತಮ್ಮಲ್ಲಿ ತೀರಿಕೊಂಡ ಹಿರಿಯ ಹೆಂಗಸಿನ ಕಳ್ಳಿಯಿಂದ ಒಂದು ಹಣ್ಣು ಕಿತ್ತು ಹೆಣ್ಣಿನ ಮನೆಗೆ ಕಳಿಸುತ್ತಾರೆ. ಹೆಣ್ಣು ತಾನೇ ಅದರ ಬೀಜ ಬಿತ್ತಿ ಸಸಿ ಮಾಡಬೇಕು. ಮದುವೆಯ ದಿನ ಅದರಲ್ಲೊಂದು ಸಸಿಯನ್ನು ಅಂಗೈಯಲ್ಲಿಟ್ಟುಕೊಂಡೇ ಹೊಸಿಲು ದಾಟಬೇಕು. ಬೀಜ ಮೊಳೆಯದಿದ್ದರೆ ಸತ್ತ ಅತ್ತೆಗೆ ಸೊಸೆ ಒಪ್ಪಿಗೆಯಾಗಲಿಲ್ಲ ಎಂದು ಅರ್ಥ, ಸಂಬಂಧ ಅಲ್ಲಿಗೇ ಮುರಿಯಿತು. ಮೊಳೆತರೂ ಒಂದು ಫಜೀತಿ ಇದೆ. ಕಳ್ಳಿಯ ಹೂವು ಹೊತ್ತು ಮುಳುಗಿದ ಮೇಲೆ ಅರಳುತ್ತದೆ. ಪತಂಗಗಳು ಆ ಹಿತ್ತಲಿನ ಹೂವಿನ ಹುಡಿಯನ್ನು ಈ ಹಿತ್ತಲಿನ ಹೂವಿಗೆ ಅಂಟಿಸಿಬಿಡುತ್ತವೆ. ಆಗ ಬೀಜದಲ್ಲಿ ಬೆರಕೆ ಸಸಿ ಏಳುತ್ತದೆ. ಕೊಟ್ರಪ್ಪನ ಮದುವೆಗೆಂದು ಅವನಜ್ಜಿಯ ಹಣ್ಣಿನಿಂದ ಮಾಡಿದ ಸಸಿಗಳಲ್ಲಿ ಅರ್ಧಕ್ಕರ್ಧ ಪಕ್ಕದ ಮನೆಯ ಕುಂಟ ಟೈಲರ್ ಮುತ್ತಾತನ ಹಾಗೆ ಎಡಕ್ಕೆ ವಾಲಿಕೊಂಡಿದ್ದವು. ಸತ್ತು ಇಪ್ಪತ್ತು ವರ್ಷವಾದ ಮುದುಕಿಯ ಶೀಲದ ಮೇಲೆ ಎರಡೂ ಮನೆಯವರು ಕೈ ಕೈ ಮಿಲಾಯಿಸಿದರು. ಅಂದಿನಿಂದ ಬೆರಕೆ ಕಂಡರೆ ಬಾಯಿ ಮುಚ್ಚಿಕೊಂಡು ಕಿತ್ತೆಸೆಯುವುದು ರೂಢಿಯಾಯಿತು.

ನನ್ನ ಅಕ್ಕ ಪಾಲಾಕ್ಷಿ. ಹುಟ್ಟುವಾಗಲೇ ಎಡಹುಬ್ಬಿನ ನೇರಕ್ಕೆ, ಕೂದಲು ಶುರುವಾಗುವ ಕಡೆ ಅವಳಿಗೊಂದು ಬಿಳಿ ಜುಟ್ಟಿತ್ತು. ಉಳಿದ ತಲೆಯೆಲ್ಲ ಕಾಡಿಗೆ ಕಪ್ಪು. ಊರಿನಲ್ಲಿ ಸತ್ತವರಲ್ಲಾಗಲಿ ಬದುಕಿದವರಲ್ಲಾಗಲಿ ಅಂಥ ಜುಟ್ಟು ಇನ್ನೊಬ್ಬರಿಗಿರಲಿಲ್ಲ. ಸಣ್ಣವರಿದ್ದಾಗ ನಾನು ಅದನ್ನು ಹಿಡಿದೆಳೆದು "ಅಜ್ಜಿ, ಅಜ್ಜಿ" ಎಂದು ರೇಗಿಸುತ್ತಿದ್ದೆ. ಅವಳು ಅಟ್ಟಿಸಿಕೊಂಡು ಬಂದು ನನ್ನ ಬೆನ್ನಿಗೊಂದು ಕೊಡುತ್ತಿದ್ದಳು, ಆಮೇಲೆ ತಾನೇ ಕೂತು ನನ್ನ ಜಡೆ ಹೆಣೆಯುತ್ತಿದ್ದಳು. ಅವಳನ್ನು ಕಂಬಳಿ ಅಂಗಡಿಯ ಓಬಳಯ್ಯನಿಗೆ ಕೊಟ್ಟರು. ಭಾವ ಮಿತಭಾಷಿ, ಕುಡಿತವಿಲ್ಲ, ಇಸ್ಪೀಟಿಲ್ಲ. ಸೊಂಟದಲ್ಲಿ ಸದಾ ಉಣ್ಣೆ ಕತ್ತರಿಸುವ ಒಂದು ಪುಟ್ಟ ಕತ್ತರಿ. ಅಂಗಡಿಗೆ ಹೋದವರ ಕಂಬಳಿಯಲ್ಲಿ ಎಳೆ ಎದ್ದಿದ್ದರೆ ಮಾತಾಡುತ್ತಲೇ ಚಕ್ಕನೆ ಕತ್ತರಿಸಿ ಊದಿಬಿಡುವನು. ಅಂಥ ಅಳಿಯ ಸಿಕ್ಕಿದ್ದು ಪುಣ್ಯ ಎಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಒಂದು ದೀಪಾವಳಿಗೆ ಅಕ್ಕ ತವರಿಗೆ ಬಂದಾಗ ಅವಳ ತುಟಿ ಬಾತುಕೊಂಡಿತ್ತು. "ಕದ ತಗುಲ್ತು" ಎಂದಳು. ಅವ್ವ ಅರಿಸಿನ ಹಚ್ಚಿ, ಹಬ್ಬ ಮುಗಿದ ಮರುದಿನವೇ ಹೋಳಿಗೆ ಕಟ್ಟಿಕೊಟ್ಟು ಕಳಿಸಿದಳು. ಮುಂದಿನ ಬೇಸಿಗೆಯಲ್ಲಿ ಅಕ್ಕ ಕಾಣೆಯಾದಳು. ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆಯಲ್ಲಿರಲಿಲ್ಲ ಎಂದು ಭಾವ ನಮ್ಮ ಜಗುಲಿಯ ಮೇಲೆ ಕೂತು ಅತ್ತ.

ನಮ್ಮೂರಿನಲ್ಲಿ ಯಾರಾದರೂ ಕಾಣೆಯಾದರೆ ಮಾಡುವುದು ಒಂದೇ ಕೆಲಸ. ಮಳೆ ಬರುವವರೆಗೆ ಕಾಯುತ್ತಾರೆ, ಬಂದ ಮೇಲೆ ಹೊಸ ಕಳ್ಳಿ ಎದ್ದಿದೆಯೇ ಎಂದು ಹುಡುಕುತ್ತಾರೆ. ಸತ್ತ ಮನುಷ್ಯನನ್ನು ಇಲ್ಲಿ ಬಚ್ಚಿಡುವುದಕ್ಕಾಗುವುದಿಲ್ಲ. ಸುಟ್ಟರೆ ಬೂದಿ ಬಿದ್ದಲ್ಲೆಲ್ಲ ಏಳುತ್ತದೆ, ಬಾವಿಗೆ ಹಾಕಿದರೆ ಬಾವಿಯ ಕಲ್ಲುಗಳ ಸಂದಿಯಲ್ಲಿ ಏಳುತ್ತದೆ. ಗಡಿಯ ಕಲ್ಲಿನಾಚೆ ಏಳುವುದಿಲ್ಲ ನಿಜ, ಆದರೆ ಅಷ್ಟು ದೂರ ಹೆಣ ಹೊತ್ತವನು ಯಾರ ಕಣ್ಣಿಗೂ ಬೀಳದಿರಲಾರ. ಆ ಮಳೆಗಾಲ ಊರಿನ ಗಂಡಸರು ಕೆರೆ ಅಂಗಳ, ಕಲ್ಲುಕ್ವಾರಿ, ಹಳ್ಳದ ದಂಡೆ, ಒಂದನ್ನೂ ಬಿಡದೆ ತಡಕಾಡಿದರು. ಭಾವನ ಹಿತ್ತಲಿಗೂ ಹೋಗಿ ಬಂದರು. ಅಲ್ಲಿ ಹಿಂದಿನ ವರ್ಷ ತೀರಿಕೊಂಡಿದ್ದ ಅವನ ತಾಯಿ ಬಸಕ್ಕಜ್ಜಿಯ ಕಳ್ಳಿ ಬಿಟ್ಟರೆ ಹೊಸದೇನೂ ಇರಲಿಲ್ಲ. ಎಲ್ಲೂ ಬಿಳಿ ಜುಟ್ಟಿನ ಕಳ್ಳಿ ಏಳಲಿಲ್ಲ. ಏಳಲಿಲ್ಲ ಎಂದ ಮೇಲೆ ಸತ್ತಿಲ್ಲ, ಸತ್ತಿಲ್ಲ ಎಂದ ಮೇಲೆ ಓಡಿಹೋಗಿದ್ದಾಳೆ. ಯಾರ ಜೊತೆ ಎಂಬುದನ್ನೂ ಊರೇ ತೀರ್ಮಾನಿಸಿತು: ಆ ಬೇಸಿಗೆಯಲ್ಲಿ ಬಂದು ಹೋಗಿದ್ದ ಬಳೆಗಾರನ ಜೊತೆ.

ಅವ್ವ ತಲೆ ಎತ್ತಿಕೊಂಡು ಓಣಿಯಲ್ಲಿ ನಡೆಯುವುದನ್ನು ಬಿಟ್ಟಳು. ಆದರೆ ಅವಮಾನದ ಕೆಳಗೆ ಅವಳಿಗೊಂದು ಸಮಾಧಾನವೂ ಇತ್ತು, ಅದನ್ನು ನಾನು ದಿನವೂ ಕಾಣುತ್ತಿದ್ದೆ. ಅಕ್ಕನ ಹಿತ್ತಾಳೆ ತಾಟನ್ನು ಬೆಳಗಿ ಗೂಡಿನಲ್ಲಿ ನಿಲ್ಲಿಸಿಟ್ಟಿದ್ದಳು. ನಾವಿಬ್ಬರೂ ಉಣ್ಣಲು ಕೂತಾಗ ಮೊದಲ ತುತ್ತು ಮುರಿಯುವ ಮೊದಲು ಆ ಕಡೆ ನೋಡಿ, "ಪಾಲಕ್ಕ ಉಂಡಿರ್ತಾಳೆ ಬಿಡು" ಎನ್ನುತ್ತಿದ್ದಳು. ಬಳೆಗಾರನೋ ಮತ್ತೊಬ್ಬನೋ, ಎಲ್ಲೋ ಒಂದು ಒಲೆ ಮುಂದೆ ಮಗಳು ಕೂತಿದ್ದಾಳೆ ಎಂದುಕೊಂಡರೆ ಅವಳ ಗಂಟಲಲ್ಲಿ ಅನ್ನ ಇಳಿಯುತ್ತಿತ್ತು.

ಎರಡನೇ ವರ್ಷ ಭಾವ ಬಂದು ಜಗುಲಿಯಲ್ಲಿ ಕೂತ. ಮನೆಯಲ್ಲಿ ದೀಪ ಹಚ್ಚುವವರಿಲ್ಲ ಎಂದ. "ಊರೋರು ನನ್ನನ್ನ ನೋಡಿ ನಗ್ತಾರೆ ಅತ್ತೆ. ನಾನೇನು ನಿಮ್ಮನ್ನ ಬೈಯೋಕೆ ಬಂದಿಲ್ಲ. ದೊಡ್ಡೋಳು ಹೋದ್ಲು, ದುರ್ಗೀನ ಕೊಟ್ರೆ ಎರಡೂ ಮನೆ ಮರ್ಯಾದೆ ಉಳೀತದೆ." ಅವ್ವ ನನ್ನ ಮುಖವನ್ನೂ ನೋಡದೆ ಹೂಂ ಎಂದಳು. ತನ್ನ ಮಗಳು ಕೆಡಿಸಿದ ಮನೆಯನ್ನು ತನ್ನ ಇನ್ನೊಬ್ಬ ಮಗಳೇ ಸರಿಮಾಡಬೇಕು ಎಂಬುದು ಅವಳ ನ್ಯಾಯ. ನನಗೆ ಸಿಟ್ಟು ಬಂದಿತ್ತು, ಆದರೆ ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಓಡಿಹೋದವಳ ತಂಗಿಗೆ ಬೇರೆ ಗಂಡು ಬರುವುದೂ ಅಷ್ಟರಲ್ಲೇ ಇತ್ತು. ಜೊತೆಗೆ ಭಾವನ ಬಗ್ಗೆ ಊರಿನಲ್ಲಿ ಒಳ್ಳೆಯ ಮಾತು. ದಿನಾ ಬೆಳಿಗ್ಗೆ ಮುಖ ತೊಳೆದವನೇ ಹಿತ್ತಲಿಗೆ ಹೋಗಿ ತಾಯಿಯ ಕಳ್ಳಿಯ ಬಳಿ ನಿಂತು, ಧೂಳು ತೆಗೆದು, ಒಣಗಿದ ಮುಳ್ಳು ಕತ್ತರಿಸಿ ಓರಣ ಮಾಡುತ್ತಾನಂತೆ. "ಹೆತ್ತೋಳ ತಲೆ ಬಾಚೋ ಮಗನ್ನ ಎಲ್ಲಾದ್ರೂ ಕಂಡಿದೀಯಾ? ಅದಕ್ಕೇ ಬಸಕ್ಕ ಎರಡೇ ವರ್ಷದಲ್ಲಿ ಹೆಂಗೆ ಕವಲೊಡೆದು ದಪ್ಪಗಾಗಿದಾಳೆ ನೋಡು" ಎಂದು ಹೆಂಗಸರು ಹೊಗಳುತ್ತಿದ್ದರು.

ಹಣ್ಣು ಬಂತು. ಒಳ್ಳೆ ಕೆಂಪು ಹಣ್ಣು, ಬಾಳೆ ಎಲೆಯಲ್ಲಿ ಸುತ್ತಿ ಕಳಿಸಿದ್ದ. ಒಡೆದು, ತಿರುಳನ್ನು ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಸಾಸಿವೆಗಿಂತ ಸಣ್ಣ ಕರಿ ಬೀಜಗಳನ್ನು ನೆರಳಲ್ಲಿ ಒಣಗಿಸಿದೆ. ಹಳ್ಳದ ಮರಳನ್ನು ಜರಡಿ ಹಿಡಿದು, ಇಟ್ಟಿಗೆ ಪುಡಿ, ಇದ್ದಿಲ ಪುಡಿ ಕಲಸಿ, ಹೆಂಚಿನ ಮೇಲೆ ಹುರಿದು ಆರಿಸಿದೆ. ಹುರಿಯದಿದ್ದರೆ ಮಣ್ಣಿನಲ್ಲಿರುವ ಹುಳುಹುಪ್ಪಟೆ ಸಸಿಯನ್ನು ತಿಂದುಬಿಡುತ್ತವೆ. ಅಗಲ ಬಾಯಿಯ ಮಣ್ಣಿನ ಬಾನಿಗೆ ತುಂಬಿ, ಬೀಜ ಉದುರಿಸಿ, ಮೇಲೆ ಮಣ್ಣು ಹಾಕದೆ ಅಂಗೈಯಿಂದ ಮೆಲ್ಲಗೆ ಒತ್ತಿ, ಒಂದು ಗಾಜು ಮುಚ್ಚಿ ಬಚ್ಚಲ ಕಿಟಕಿಯಲ್ಲಿಟ್ಟೆ. ಗಾಜಿನ ಒಳಗೆ ಬೆವರು ಕೂತರೆ ಸರಿ, ಇಳಿಯತೊಡಗಿದರೆ ನೀರು ಹೆಚ್ಚಾಯಿತೆಂದು ಅರ್ಥ. ವಾರ ಕಳೆಯುವುದರೊಳಗೆ ಮರಳಿನ ಮೇಲೆ ಹಸಿರು ಮಣಿಗಳು ಎದ್ದವು. ಇಣುಕಿ ನೋಡಿದ ಅವ್ವ ಕೆನ್ನೆ ಬಡಿದುಕೊಂಡಳು. "ಒಪ್ಪಿದ್ಲು ಕಣೇ ಬಸಕ್ಕ."

ಸಸಿ ಬೆಳೆಸುವುದರಲ್ಲಿ ಒಂದು ಮೋಹವಿದೆ, ಸುಳ್ಳೇಕೆ ಹೇಳಲಿ. ಬೇಡವಾದ ಮದುವೆಯ ಸಸಿಗಳೆಂದು ಗೊತ್ತಿದ್ದೂ ಬೆಳಿಗ್ಗೆ ಎದ್ದರೆ ಕಾಲು ತಾನಾಗಿ ಕಿಟಕಿಯ ಕಡೆ ಹೋಗುತ್ತಿತ್ತು. ಮಣಿಗಳಿಗೆ ಎರಡು ಕಿವಿ ಮೂಡಿದವು, ಕಿವಿಗಳ ನಡುವೆ ಮೊದಲ ಮುಳ್ಳು ಕೂದಲಿನಷ್ಟು ತೆಳ್ಳಗೆ ಬಂತು. ಸ್ವಲ್ಪ ದಿನಕ್ಕೆ ಕೆಲವು ಸಸಿಗಳು ಉಳಿದವುಗಳಿಗಿಂತ ಬೇಗ ಬೇಗ ಬೆಳೆಯುತ್ತಿವೆ ಎಂಬುದು ಗಮನಕ್ಕೆ ಬಂತು. ಬಣ್ಣವೂ ತುಸು ಗಾಢ. ಬಸಕ್ಕಜ್ಜಿ ಬಿಳಿಚಿಕೊಂಡ ಹೆಂಗಸು, ಅವಳ ಕಳ್ಳಿಯೂ ತಿಳಿಹಸಿರು. ಇವು ಬೆರಕೆಯೇ ಇರಬೇಕೆಂದುಕೊಂಡೆ. ಕೀಳಬೇಕಿತ್ತು. ಅಷ್ಟು ಗಟ್ಟಿಮುಟ್ಟಾಗಿ ನಿಂತವುಗಳನ್ನು ಕೀಳಲು ಕೈ ಬರಲಿಲ್ಲ.

ಚಳಿ ಶುರುವಾದಾಗ ಅವುಗಳ ತಲೆಯ ಒಂದು ಪಕ್ಕದಲ್ಲಿ ಬಿಳಿ ಕಾಣಿಸಿತು. ಬೂಷ್ಟು ಎಂದುಕೊಂಡೆ. ಬೂಷ್ಟು ಹತ್ತಿದರೆ ಇಡೀ ಬಾನಿ ಎರಡು ದಿನದಲ್ಲಿ ಕೊಳೆತು ನೀರಾಗುತ್ತದೆ. ಅವ್ವನನ್ನು ಕರೆದು ತೋರಿಸಿದೆ. "ನೀರು ಜಾಸ್ತಿ ಮಾಡಿದೀಯ. ಗಾಜು ತೆಗೆದು ಗಾಳಿಗಿಡು. ಕೋಳಿ ಪುಕ್ಕದಲ್ಲಿ ಬೂದಿ ಹಾಕಿ ಒರೆಸು, ಬೂಷ್ಟು ಒರೆಸಿದ್ರೆ ಹೋಗ್ತದೆ" ಎಂದಳು. ಪುಕ್ಕವನ್ನು ಬೂದಿಯಲ್ಲಿ ಅದ್ದಿ ಒಂದೊಂದೇ ಸಸಿಯ ತಲೆ ಒರೆಸಿದೆ. ಹೋಗಲಿಲ್ಲ. ಅರಿಸಿನದ ನೀರು ಸವರಿದೆ. ಅರಿಸಿನದ ಬಣ್ಣ ಹತ್ತಿ ಎರಡು ದಿನ ಹಳದಿಯಾಗಿದ್ದು ಮತ್ತೆ ಬೆಳ್ಳಗಾಯಿತು. ಒಂದು ಸಸಿಯೂ ಕೊಳೆಯಲಿಲ್ಲ, ಇನ್ನಷ್ಟು ಸೊಂಪಾದವು.

ಒಂದು ದಿನ ಬಾನಿಯನ್ನು ಅಂಗಳದ ಬಿಸಿಲಿಗೆ ತಂದಿಟ್ಟು ಬಗ್ಗಿ ನೋಡಿದೆ. ಎಲ್ಲ ಬೆರಕೆ ಸಸಿಗಳಲ್ಲೂ ಬಿಳಿ ಒಂದೇ ಕಡೆ ಇತ್ತು, ಎಡಗಡೆ. ಬೂಷ್ಟಿಗೆ ಎಡ ಬಲ ಗೊತ್ತಿರುವುದಿಲ್ಲ. ಉಗುರಿನ ತುದಿಯಿಂದ ಮುಟ್ಟಿದೆ. ನವಿರಾದ ಕೂದಲು, ಗೊಂಚಲಾಗಿ ಸ್ವಲ್ಪ ಮುಂದಕ್ಕೆ ಬಾಗಿತ್ತು. ಸಣ್ಣವಳಿದ್ದಾಗ ಹಿಡಿದೆಳೆಯುತ್ತಿದ್ದ ಬೆರಳುಗಳು ಅವೇ ಅಲ್ಲವೇ, ಮರೆಯುವುದು ಹೇಗೆ. ಬಾನಿಯ ಮುಂದೆ ಅಂಗಳದಲ್ಲೇ ಕೂತೆ.

ಆಮೇಲೆ ಒಂದೊಂದೇ ಹೊಳೆಯುತ್ತ ಹೋಯಿತು. ಬಾನಿಯಲ್ಲಿ ಬೆರಕೆ ಅರ್ಧಕ್ಕಿಂತ ಹೆಚ್ಚಿತ್ತು. ದೂರದ ಹುಡಿ ಬಂದರೆ ಒಂದೋ ಎರಡೋ ಬೆರಕೆ ಏಳುತ್ತದೆ. ಇಷ್ಟು ಎದ್ದಿವೆ ಎಂದರೆ ಹೂವಿಗೆ ಹೂವು ತಾಗುವಷ್ಟು ಹತ್ತಿರ ಅಕ್ಕನ ಕಳ್ಳಿ ಇರಬೇಕು. ಎರಡೇ ವರ್ಷದಲ್ಲಿ ಕವಲೊಡೆದು ದಪ್ಪಗಾದ ಬಸಕ್ಕಜ್ಜಿ. ದಿನಾ ಬೆಳಿಗ್ಗೆ ಕತ್ತರಿ ಹಿಡಿದು ಹಿತ್ತಲಿಗೆ ಹೋಗುವ ಮಗ. ತಾಯಿಯ ಪಕ್ಕದಲ್ಲೇ, ತಾಯಿಯ ಗುಣಿಗೆ ತಾಗುವಷ್ಟು ಹತ್ತಿರ ಹೆಂಡತಿಯನ್ನೂ ಹೂತಿದ್ದಾನೆ. ಎರಡು ಕಳ್ಳಿ ಒಂದೇ ಮೆಳೆಯಾಗಿ ಎದ್ದಿವೆ. ಏಳುವುದನ್ನು ತಡೆಯಲಾಗಲಿಲ್ಲ, ಅಗೆದು ಕೊಂದರೆ ಬೇರು ಹೆಣೆದುಕೊಂಡ ತಾಯಿಯ ಕಳ್ಳಿಯೂ ಸಾಯುತ್ತದೆ, ಹಾಗಾಗಿ ಗುರುತನ್ನಷ್ಟೇ ಬೋಳಿಸುತ್ತ ಬಂದಿದ್ದಾನೆ. ಶಾಸ್ತ್ರಕ್ಕೆ ಹಣ್ಣು ಬೇಕಾದಾಗ ತಾಯಿಯ ಕವಲಿನಿಂದಲೇ ನೋಡಿ ಕಿತ್ತು ಕಳಿಸಿದ್ದಾನೆ. ಹಣ್ಣಿನ ಒಳಗೆ ಯಾರ ಹುಡಿ ಸೇರಿದೆ ಎಂಬುದು ಕಂಬಳಿ ಮಾರುವ ಗಂಡಸಿಗೆ ಏನು ತಿಳಿಯಬೇಕು.

ಅವ್ವ ಒಲೆ ಮುಂದೆ ಸೊಪ್ಪು ಸೋಸುತ್ತಿದ್ದಳು. ಬಾನಿಯನ್ನು ಅವಳ ಮುಂದಿಟ್ಟು ಹೇಳಿದೆ. "ಅವ್ವ, ಇದು ಬೂಷ್ಟಲ್ಲ. ಅಕ್ಕ." ಅವ್ವ ಬಾನಿಯನ್ನು ನೋಡಿದಳು. ನೋಡಿದ್ದು ಒಂದೇ ಗಳಿಗೆ, ಆದರೆ ಅವಳಿಗೂ ಗೊತ್ತಾಯಿತು ಎಂಬುದು ಅವಳ ಕೈ ನಿಂತದ್ದರಲ್ಲೇ ಕಂಡಿತು. ಮತ್ತೆ ಸೊಪ್ಪು ಎತ್ತಿಕೊಂಡಳು. "ಬೂಷ್ಟು" ಎಂದಳು. ನಾನು ಎಡಗಡೆಯದನ್ನು ಹೇಳಿದೆ, ಮೆಳೆಯನ್ನು ಹೇಳಿದೆ, ಕತ್ತರಿಯನ್ನು ಹೇಳಿದೆ. ದೀಪಾವಳಿಯ ಬಾತ ತುಟಿಯನ್ನು ಹೇಳಿದಾಗ ಅವ್ವ ಎದ್ದು ನನ್ನ ಕೆನ್ನೆಗೆ ಹೊಡೆದಳು. "ನನ್ ಮಗಳು ಸತ್ತಿಲ್ಲ! ಎಲ್ಲೋ ಉಂಡ್ಕೊಂಡು ತಿಂದ್ಕೊಂಡು ಇದಾಳೆ. ನಿಂಗೆ ಮದ್ವೆ ಇಷ್ಟ ಇಲ್ದಿದ್ರೆ ಇಲ್ಲ ಅನ್ನು, ಒಡಹುಟ್ಟಿದೋಳನ್ನ ಸಾಯಿಸ್ಬೇಡ" ಎಂದು ಕೂಗಿ, ಹೊಡೆದ ಕೈಯನ್ನೇ ಎದೆಗೊತ್ತಿಕೊಂಡು ಕೂತಳು.

ಮರುದಿನ ನಾನು ನೀರು ತಂದು ಬರುವಷ್ಟರಲ್ಲಿ ಬಾನಿಯಲ್ಲಿ ಬಿಳಿ ಇರಲಿಲ್ಲ. ಒಂದೊಂದು ಸಸಿಯ ತಲೆಯೂ ಬೋಳು. ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಉಗುರುಗಳ ಸಂದಿಯಲ್ಲಿ ಬೆಳ್ಳನೆಯ ಎಳೆಗಳಿದ್ದವು. "ಹೋಯ್ತು ನೋಡು ಬೂಷ್ಟು" ಎಂದಳು. ನನಗೆ ಅವಳ ಮೇಲೆ ಆಗ ಬಂದ ಸಿಟ್ಟು ಭಾವನ ಮೇಲೆ ಬಂದ ಸಿಟ್ಟಿಗಿಂತ ಹೆಚ್ಚು. ಎಲ್ಲ ಸಸಿಗಳನ್ನೂ ತುಳಿದುಹಾಕಿದರೆ ಮದುವೆಯಾದರೂ ತಪ್ಪುತ್ತದೆ ಎಂದು ಬಾನಿಯನ್ನು ಎತ್ತಿದೆ. ಎತ್ತಿ ಹಾಗೆಯೇ ಇಳಿಸಿದೆ. ಅಕ್ಕನನ್ನು ಒಬ್ಬ ಹೂತು, ಒಬ್ಬಳು ಬೋಳಿಸಿ ಆಗಿತ್ತು. ತುಳಿಯುವುದು ನನ್ನಿಂದಾಗಲಿಲ್ಲ.

ಮದುವೆಗೆ ಮೊದಲು ಸಸಿ ನೋಡುವ ಶಾಸ್ತ್ರವಿರುತ್ತದೆ. ಗಂಡು ಬರುತ್ತಾನೆ, ಊರಿಗೆ ಹಿರಿಯಳಾದ ಒಬ್ಬ ಮುತ್ತೈದೆ ಬಂದು ಸಸಿಗಳನ್ನು ಮುಟ್ಟಿ ನೋಡಿ, ಬೆರಕೆಯನ್ನು ಕಿತ್ತು, ಒಳ್ಳೆಯದೊಂದನ್ನು ಆರಿಸಿ ಕೊಡುತ್ತಾಳೆ. ನಮ್ಮಲ್ಲಿಗೆ ಬಂದವಳು ಈರಮ್ಮಜ್ಜಿ. ಕಣ್ಣಿಗೆ ಪೊರೆ ಬಂದು ಬಹಳ ಕಾಲವಾಗಿದ್ದರಿಂದ ಅವಳು ಬೆರಳಲ್ಲೇ ನೋಡುತ್ತಿದ್ದಳು. ಅಂಗಳದಲ್ಲಿ ಚಾಪೆ ಹಾಸಿ ನಡುವೆ ಬಾನಿ ಇಟ್ಟೆವು. ಓಣಿಯ ನಾಲ್ಕಾರು ಹೆಂಗಸರು ಬಂದು ಕೂತರು. ಅಜ್ಜಿ ಬಾಯಿ ತೆರೆಯುವ ಮೊದಲು ಎಲ್ಲರೆದುರಿಗೆ ಹೇಳಿಬಿಡಬೇಕೆಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಆದರೆ ತೋರಿಸಲು ಬಾನಿಯಲ್ಲಿ ಏನೂ ಉಳಿದಿರಲಿಲ್ಲ. ಹೆತ್ತ ತಾಯಿಯೇ ಬೂಷ್ಟು ಎನ್ನುವಾಗ ನನ್ನ ಮಾತು ಯಾರು ಕೇಳುತ್ತಾರೆ.

ಈರಮ್ಮಜ್ಜಿ ಒಂದೊಂದೇ ಸಸಿಯ ನೆತ್ತಿ ಸವರಿದಳು. "ಗಟ್ಟಿಯಾಗಿದಾವೆ ಕಣೆ ಹನುಮವ್ವ, ಒಳ್ಳೆ ಕೈಗುಣ ನಿನ್ ಮಗಳದ್ದು" ಎಂದು ಅವ್ವನಿಗೆ ಹೇಳಿದಳು. ಭಾವ ಬಾನಿಯ ಆಚೆ ಕೂತು ವಾಲಗದವರು ಯಾವಾಗ ಬರುತ್ತಾರೆ, ಅಡುಗೆಯವನು ಏನೆಂದ ಎಂದು ಅವ್ವನೊಂದಿಗೆ ಮಾತಾಡುತ್ತಿದ್ದ. ಬಾನಿಯ ಅಂಚಿನಲ್ಲಿ ಗಿಡ್ಡ ಸಸಿಯೊಂದಿತ್ತು. ಉಳಿದವುಗಳ ಹಿಂದೆ ಮರೆಯಾಗಿದ್ದರಿಂದ ಅವ್ವನ ಉಗುರಿಗೆ ಸಿಕ್ಕಿರಲಿಲ್ಲ, ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಅದರ ತಲೆಯ ಎಡಕ್ಕೆ ಬಿಳಿ ಎಳೆಗಳು ಎದ್ದು ನಿಂತಿದ್ದವು. ಭಾವ ಮಾತಾಡುತ್ತಲೇ ಸೊಂಟದ ಕತ್ತರಿ ತೆಗೆದ, ಬಗ್ಗಿದ, ಆ ಎಳೆಗಳನ್ನು ಬುಡಕ್ಕೆ ಚಕ್ಕನೆ ಕತ್ತರಿಸಿದ. ಅಲಗಿನ ಮೇಲೆ ಕೂತ ಕೂದಲನ್ನು ಊದಿದ, ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. "ಪಾಯಸಕ್ಕೆ ಬೆಲ್ಲಾನೇ ಇರ್ಲಿ ಅಂದಿದೀನಿ ಅತ್ತೆ" ಎಂದು ಮಾತು ಮುಂದುವರಿಸಿದ. ತಾನು ಕತ್ತರಿಸಿದ್ದು ಅವನಿಗೇ ತಿಳಿದಿರಲಿಲ್ಲ.

ಅವ್ವ ಅವನಿಗೆ ಕೊಡಲೆಂದು ಎಲೆ ಅಡಿಕೆ ತಟ್ಟೆ ಹಿಡಿದುಕೊಂಡಿದ್ದಳು. ಕೊಡಲಿಲ್ಲ. "ಏನು ಕತ್ತರಿಸಿದ್ರಿ ಅಳಿಯಂದ್ರೇ?" ಎಂದು ಕೇಳಿದಳು. ಭಾವ ತಬ್ಬಿಬ್ಬಾದ. ಬಾನಿ ನೋಡಿದ, ಸೊಂಟ ಮುಟ್ಟಿಕೊಂಡ. "ಬೂಷ್ಟು ಅತ್ತೆ. ಬೂಷ್ಟು ಹತ್ತಿತ್ತು."

"ಬೂಷ್ಟನ್ನ ಯಾರಾದ್ರೂ ಕತ್ತರಿಸ್ತಾರಾ?" ಎಂದಳು ಅವ್ವ. ದನಿ ಏರಿರಲಿಲ್ಲ. "ಬೂಷ್ಟನ್ನ ಒರೆಸ್ತಾರೆ. ಕತ್ತರಿಸೋದು ಕೂದ್ಲನ್ನ."

ಭಾವ ಎದ್ದು ನಿಂತ, ಮತ್ತೆ ಕೂತ. ಈರಮ್ಮಜ್ಜಿ ಕೈ ಚಾಚಿ ಆ ಗಿಡ್ಡ ಸಸಿಯನ್ನು ಹುಡುಕಿ, ಕತ್ತರಿಸಿದ ಜಾಗದ ಮೇಲೆ ಬೆರಳಾಡಿಸಿದಳು. ಆಮೇಲೆ ಒಂದೊಂದಾಗಿ ಎಲ್ಲ ಸಸಿಗಳ ಎಡಗಡೆಯನ್ನೂ ಮುಟ್ಟಿದಳು. ಎಲ್ಲೆಲ್ಲಿ ಅವ್ವ ಕಿತ್ತಿದ್ದಳೋ ಅಲ್ಲೆಲ್ಲ ಮೊಂಡು ಎಳೆಗಳು ಅವಳ ಬೆರಳಿಗೆ ಸಿಕ್ಕವು. "ಹನುಮವ್ವ, ಇದು ಯಾರದು?" ಎಂದಳು. ಉತ್ತರ ನಾನು ಕೊಟ್ಟೆ.

ಊರಿನ ಹಿರಿಯರು ಅಂದೇ ಸೇರಿದರು. ಅಗೆದು ನೋಡಿ ಎಂದು ನಾನು ಹೇಳಿದೆ, ಆದರೆ ನಮ್ಮೂರಿನಲ್ಲಿ ಹೂತವರನ್ನು ಅಗೆಯುವುದಿಲ್ಲ. ಅಗೆದರೆ ಕಳ್ಳಿ ಸಾಯುತ್ತದೆ, ಒಮ್ಮೆ ಸತ್ತ ಕಳ್ಳಿ ಮತ್ತೆ ಏಳುವುದಿಲ್ಲ. ಅದಕ್ಕೆ ಬೇರೆ ದಾರಿ ಮಾಡಿದರು. ಭಾವನ ಕತ್ತರಿ ಕಿತ್ತುಕೊಂಡು ಅವನ ಹಿತ್ತಲಲ್ಲಿ ಚಪ್ಪರ ಹಾಕಿದರು. ಹಗಲೂ ರಾತ್ರಿ ಸರದಿಯಂತೆ ನಾಲ್ಕು ಜನ ಮೆಳೆಯ ಮುಂದೆ ಕೂರುವುದು, ಯಾರೂ ಅದನ್ನು ಮುಟ್ಟುವಂತಿಲ್ಲ. ಬಿಳಿ ಬಂದರೆ ಒಂದು ಮಾತು, ಬರದಿದ್ದರೆ ಓಬಳಯ್ಯನ ಕಾಲು ಹಿಡಿದು ನಾನು ಕ್ಷಮೆ ಕೇಳಬೇಕು, ಅವನ ಮನೆ ಸೇರಬೇಕು. ಭಾವನನ್ನೂ ಅಲ್ಲೇ ಕೂರಿಸಿದರು. ಬೆಳಗಾಯಿತೆಂದರೆ ಅವನ ಬಲಗೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು, ಅಲ್ಲಿ ಏನೂ ಸಿಗದೆ ತೊಡೆಯ ಮೇಲೆ ಬಂದು ಬೀಳುತ್ತಿತ್ತು. ಎಲ್ಲರೂ ಅದನ್ನು ನೋಡಿದರು.

ಅವ್ವ ದಿನವೂ ಬಂದು ನನ್ನ ಪಕ್ಕದಲ್ಲಿ ಕೂರುತ್ತಿದ್ದಳು. ನಾನು ಬಿಳಿ ಬರಲಿ ಎಂದು ಕಾಯುತ್ತಿದ್ದೆ. ಅವ್ವ ಕಣ್ಣು ಮುಚ್ಚಿಕೊಂಡು ತುಟಿಯಲ್ಲೇ ಏನೋ ಅನ್ನುತ್ತಿದ್ದಳು. ಒಮ್ಮೆ ಕಿವಿಗೊಟ್ಟೆ. "ಬರಬಾರ್ದು, ಬರಬಾರ್ದು, ಬರಬಾರ್ದು." ನನ್ನನ್ನು ಆ ಮನೆಗೆ ಕೊಡಬೇಕಾಗಿ ಬಂದರೂ ಸರಿ, ಬಿಳಿ ಬರಬಾರದು ಎಂದು ಅವಳು ಬೇಡುತ್ತಿದ್ದಳು. ಅದು ತಿಳಿದಾಗ ನನಗೆ ಅಳು ಬಂತು, ಆದರೆ ಈ ಸಲ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟೆ. ಕೈ ತೆಗೆ ಎನ್ನಲಿಲ್ಲ.

ಬಿಳಿ ಬಂತು. ಮೊದಲು ಹಿಂದಿನ ಕವಲಿನ ನೆತ್ತಿಯಲ್ಲಿ, ಆಮೇಲೆ ಗಾಢ ಹಸಿರಿನ ಕವಲುಗಳಲ್ಲೆಲ್ಲ, ಎಡಗಡೆ. ಬಸಕ್ಕಜ್ಜಿಯ ತಿಳಿಹಸಿರು ಕವಲುಗಳು ಹಾಗೆಯೇ ಬೋಳಾಗಿದ್ದವು. ಯಾವುದು ಯಾರದೆಂದು ಮಗುವಿಗೂ ತಿಳಿಯುವಂತಾಯಿತು. ಗಾಳಿ ಬೀಸಿದಾಗ ಜುಟ್ಟು ಮುಂದಕ್ಕೆ ಬಾಗುತ್ತಿತ್ತು. ಏನಾಯಿತು ಹೇಳು ಎಂದು ಹಿರಿಯರು ಕೇಳಿದಾಗ ಭಾವ ತಲೆ ತಗ್ಗಿಸಿ, "ಒಂದೇ ಏಟು ಹೊಡೆದಿದ್ದು" ಎಂದ. ಅವನನ್ನು ಗಡಿಯ ಕಲ್ಲು ದಾಟಿಸಿ ಕಳಿಸಿದರು. ಆ ಕಲ್ಲಿನಾಚೆ ಹೂತವರು ಏಳುವುದಿಲ್ಲ. ನಮ್ಮವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಗೊತ್ತಿಲ್ಲ. ನನಗೆ ಅದು ಸಾಲದು ಎನಿಸಿತು, ಈಗಲೂ ಎನಿಸುತ್ತದೆ. ಎರಡು ವರ್ಷ ನನ್ನ ಅಕ್ಕನನ್ನು ಬಾಯಿಗೆ ಬಂದಂತೆ ಆಡಿಕೊಂಡವರು ಮಾತ್ರ ಯಾರೂ ಗಡಿ ದಾಟಲಿಲ್ಲ. ಚಪ್ಪರ ಬಿಚ್ಚಿ, ಚಾಪೆ ಸುತ್ತಿಕೊಂಡು ಮನೆಗೆ ಹೋದರು.

ಬಾನಿಯ ಸಸಿಗಳನ್ನು ಈಗ ನಮ್ಮ ಹಿತ್ತಲಲ್ಲೇ ನೆಟ್ಟಿದ್ದೇನೆ. ಅರ್ಧ ಆ ಮನೆಯ ಮುದುಕಿ, ಅರ್ಧ ನನ್ನ ಅಕ್ಕ. ಬೆರಕೆಯನ್ನು ಇಟ್ಟುಕೊಳ್ಳಬಾರದು, ಕಿತ್ತುಬಿಡು ಎಂದು ಓಣಿಯವರು ಹೇಳಿ ಹೇಳಿ ಸುಮ್ಮನಾಗಿದ್ದಾರೆ.

ಬಿಳಿ ಬಂದ ದಿನ ಅವ್ವ ಅಳಲಿಲ್ಲ. ಎದ್ದು ಸೀದಾ ಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ಒಲೆ ಹಚ್ಚಿ ಮುದ್ದೆ ತಿರುವಿದಳು, ಅವರೆಕಾಳಿನ ಸಾರು ಮಾಡಿದಳು. ನನಗೆ ಬಡಿಸಲಿಲ್ಲ, ತಾನೂ ಉಣ್ಣಲಿಲ್ಲ. ಗೂಡಿನಿಂದ ಅಕ್ಕನ ತಾಟನ್ನು ತೆಗೆದು, ಸೆರಗಿನಿಂದ ಒರೆಸಿ, ಬಿಸಿ ಮುದ್ದೆಯಿಟ್ಟು ಸಾರು ಬಿಟ್ಟಳು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎರಡು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿ ಓಣಿಯ ನಡುವೆ ನಡೆದಳು. ಆ ಹಿತ್ತಲಿಗೆ ಹೋಗಿ ಬಿಳಿ ಜುಟ್ಟಿನ ಬುಡದಲ್ಲಿ ತಾಟು ಇಟ್ಟು, ಮುಳ್ಳು ತಾಗುವಷ್ಟು ಹತ್ತಿರ ಕೂತಳು.

"ಉಣ್ಣು ಮಗಾ" ಎಂದಳು. "ಎರಡು ವರ್ಷದಿಂದ ಉಂಡಿಲ್ಲ ನೀನು."